ಮೊಗಾದಿಶುವಿನಿಂದ 281 ಜನ: ಒಂದು ಹೆಲಿಕಾಪ್ಟರ್ ತೆರವಿನ ಪ್ರಕರಣ ಅಧ್ಯಯನ

ಮೊಗಾದಿಶುವಿನ ಅಮೆರಿಕನ್ ರಾಯಭಾರ ಕಚೇರಿಯಿಂದ ಜನರನ್ನು ಹೊರತಂದ ಈ ಪ್ರಕರಣವನ್ನು ಸಾಮಾನ್ಯವಾಗಿ ಹಾರಾಟದ ಸಾಹಸವಾಗಿಯೇ ಹೇಳುತ್ತಾರೆ. ಹಿಂದೂ ಮಹಾಸಾಗರದಲ್ಲಿದ್ದ ಯುದ್ಧನೌಕೆಯೊಂದರಿಂದ ಕತ್ತಲಲ್ಲಿ ಎರಡು ಹೆಲಿಕಾಪ್ಟರ್‌ಗಳು ಏಳುತ್ತವೆ. 466 ನಾಟಿಕಲ್ ಮೈಲಿ, ಅಂದರೆ 860 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಕ್ರಮಿಸಿ, ದಾರಿಯಲ್ಲಿ ಆಕಾಶದಲ್ಲೇ ಇಂಧನ ತುಂಬಿಸಿಕೊಂಡು, ಗುಂಡಿನ ಸದ್ದು ನಿಲ್ಲದ ನಗರದ ಒಂದು ಆವರಣದಲ್ಲಿ ಬೆಳಗಿನ ಹೊತ್ತಿಗೆ ಇಳಿಯುತ್ತವೆ. ಹೇಳಲು ಕೇಳಲು ಚೆನ್ನಾಗಿರುವ ಕಥೆ ಇದು, ಸುಳ್ಳೂ ಅಲ್ಲ. ಆದರೆ ತೆಗೆದುಕೊಂಡ ತೀರ್ಮಾನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಕಾರ್ಯಾಚರಣೆಯ ಹಣೆಬರಹವನ್ನು ನಿರ್ಧರಿಸಿದ ಘಟನೆಗಳಲ್ಲಿ ಹೆಚ್ಚಿನವು ನಡೆದದ್ದು ನೆಲದ ಮೇಲೆ: ಒಂದು ಕೋರಿಕೆಯ ತಂತಿಯಲ್ಲಿ, ಒಂದು ನೀರಿನ ಗೋಪುರದ ತುದಿಯಲ್ಲಿ, ಕೊನೆಗೆ ಒಂದು ಗೇಟಿನ ಬಳಿ. ಈ ಬರಹ ಅವುಗಳ ಬಗ್ಗೆ.

ಜಾಗ ಸೊಮಾಲಿಯಾದ ರಾಜಧಾನಿ ಮೊಗಾದಿಶು, ಕಾಲ 1991ರ ಜನವರಿಯ ಮೊದಲ ವಾರ. ಅಮೆರಿಕದ ಸೇನೆ ಈ ಕಾರ್ಯಾಚರಣೆಗೆ ‘ಈಸ್ಟರ್ನ್ ಎಕ್ಸಿಟ್’ ಎಂದು ಹೆಸರಿಟ್ಟಿತ್ತು. ಇತಿಹಾಸಕ್ಕೆ ಸೇರಿಹೋದ ಊರು, ನೌಕೆ, ತಾರೀಖುಗಳನ್ನು ಇಲ್ಲಿ ಮರೆಮಾಚಿಲ್ಲ. ಆದರೆ ತೀರ್ಮಾನ ತೆಗೆದುಕೊಂಡವರನ್ನು ಹೆಸರಿನಿಂದ ಕರೆಯದೆ ಹುದ್ದೆಯಿಂದ ಮಾತ್ರ ಗುರುತಿಸಿದ್ದೇನೆ. ಹೆಸರು ಬಂದ ಕೂಡಲೇ ಓದುವವರು ನಾಯಕನನ್ನು ಹುಡುಕಲು ಹೊರಡುತ್ತಾರೆ, ತೀರ್ಮಾನ ಹಿಂದೆ ಸರಿಯುತ್ತದೆ.

ಹಿನ್ನೆಲೆ

1969ರ ಅಕ್ಟೋಬರಿನಲ್ಲಿ ಸೇನಾಕ್ರಾಂತಿಯಿಂದ ಅಧಿಕಾರ ಹಿಡಿದ ಸಿಯಾದ್ ಬರ್ರೆ ಮೊದಲು ಸೋವಿಯತ್ ಒಕ್ಕೂಟದ ಆಪ್ತನಾಗಿದ್ದ. ಇಥಿಯೋಪಿಯಾದ ವಿರುದ್ಧ 1977–78ರಲ್ಲಿ ನಡೆದ ಒಗಾದೆನ್ ಯುದ್ಧದಲ್ಲಿ ಮಾಸ್ಕೋ ಎದುರಾಳಿಯ ಪಕ್ಷ ವಹಿಸಿದ್ದರಿಂದ ಅಮೆರಿಕದ ಕಡೆಗೆ ವಾಲಿದ. ಯುದ್ಧ ಸೋತ ಮೇಲೆ ಆಡಳಿತ ಕುಲಗಳ ನಡುವಿನ ಹಗೆಯನ್ನೇ ಊರುಗೋಲಾಗಿ ಮಾಡಿಕೊಂಡು ನಡೆಯಿತು. 1988ರಲ್ಲಿ ಉತ್ತರದ ಹರ್ಗೇಸಾ ನಗರದ ಮೇಲೆ ಸ್ವಂತ ಸರ್ಕಾರದ ವಿಮಾನಗಳೇ ಬಾಂಬು ಸುರಿದವು. 1990ರ ಹೊತ್ತಿಗೆ ದೇಶದ ಬಹುಭಾಗ ಬಂಡುಕೋರರ ಕೈಸೇರಿ, ವಿರೋಧಿಗಳು ಅಧ್ಯಕ್ಷನನ್ನು ‘ಮೊಗಾದಿಶುವಿನ ಮೇಯರ್’ ಎಂದು ಗೇಲಿ ಮಾಡುತ್ತಿದ್ದರು. ಡಿಸೆಂಬರ್ 30ರಂದು ಯುನೈಟೆಡ್ ಸೊಮಾಲಿ ಕಾಂಗ್ರೆಸ್ ಎಂಬ ಬಂಡುಕೋರ ಸಂಘಟನೆಯ ಹೋರಾಟಗಾರರು ರಾಜಧಾನಿಯೊಳಗೂ ನುಗ್ಗಿದಾಗ ಆ ಮೇಯರ್‌ಗಿರಿಯೂ ಅಲುಗಾಡತೊಡಗಿತು.

ಮುತ್ತಿಗೆ ಎಂದ ಕೂಡಲೇ ಕೋಟೆಯ ಹೊರಗೆ ಶತ್ರು, ಒಳಗೆ ಪ್ರಜೆ ಎಂಬ ಚಿತ್ರ ಕಣ್ಣಮುಂದೆ ಬರುತ್ತದೆ. ಮೊಗಾದಿಶುವಿನಲ್ಲಿ ಹಾಗಿರಲಿಲ್ಲ. ಬಂಡುಕೋರರು ಹೊರಗಿದ್ದಂತೆ ಒಳಗೂ ಇದ್ದರು. ಸರ್ಕಾರಿ ಸೈನಿಕರಲ್ಲಿ ಕೆಲವರು ಹೋರಾಡುತ್ತಿದ್ದರು, ಕೆಲವರು ಲೂಟಿಗೆ ಇಳಿದಿದ್ದರು. ಇವೆರಡಕ್ಕೂ ಸೇರದ ಶಸ್ತ್ರಧಾರಿ ಗುಂಪುಗಳು ಬೇರೆ. ಆವರಣವೊಂದರ ಗೋಡೆಯ ಆಚೆ ಬಂದೂಕು ಹಿಡಿದು ನಿಂತವನು ಯಾರ ಆಜ್ಞೆಯಲ್ಲಿದ್ದಾನೆ, ಯಾರೊಂದಿಗೆ ಮಾತನಾಡಿದರೆ ಅವನು ಸುಮ್ಮನಾಗುತ್ತಾನೆ ಎಂಬುದಕ್ಕೆ ಉತ್ತರವೇ ಇರಲಿಲ್ಲ. ಈ ಪ್ರಕರಣದ ನಿಜವಾದ ತೊಡಕು ಇದು. ದೂರವಲ್ಲ, ಇಂಧನವಲ್ಲ.

ಅಮೆರಿಕದ ರಾಯಭಾರ ಕಚೇರಿ 1989ರಲ್ಲಷ್ಟೇ ಹೊಸ ಜಾಗಕ್ಕೆ ಬಂದಿತ್ತು. ಸುಮಾರು 80 ಎಕರೆಯ, ಸುತ್ತಲೂ ಗೋಡೆ ಕಟ್ಟಿದ ಆವರಣ. ಹೆಲಿಕಾಪ್ಟರ್ ಇಳಿಸಲು ಇದಕ್ಕಿಂತ ಅನುಕೂಲದ ಜಾಗ ಬೇಡ. ಅದೇ 80 ಎಕರೆಯ ಗೋಡೆಯನ್ನು ಕಾಯಲು ಮಾತ್ರ ಬೆರಳೆಣಿಕೆಯ ಭದ್ರತಾ ಸಿಬ್ಬಂದಿ ಇದ್ದರು. ಅನುಕೂಲ, ಅಪಾಯ ಎರಡಕ್ಕೂ ಮೂಲ ಆ ವಿಸ್ತಾರವೇ.

ರಾಯಭಾರಿಯ ಹಿಂದಿನ ನೇಮಕ ಲೈಬೀರಿಯಾದಲ್ಲಿ. ಅಲ್ಲಿ 1989ರ ಡಿಸೆಂಬರಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, 1990ರ ಆಗಸ್ಟಿನಲ್ಲಿ ಅಮೆರಿಕದ ಮರೀನ್ ಪಡೆ ರಾಜಧಾನಿ ಮನ್ರೋವಿಯಾದಿಂದ ಜನರನ್ನು ಹೆಲಿಕಾಪ್ಟರ್‌ನಲ್ಲಿ ಹೊರತಂದಿತ್ತು. ರಾಜಧಾನಿಯೊಂದು ಎಷ್ಟು ಬೇಗ ಕುಸಿಯಬಲ್ಲದು ಎಂಬುದು ಈ ಮನುಷ್ಯನಿಗೆ ಕಡತದಿಂದ ತಿಳಿಯಬೇಕಾಗಿರಲಿಲ್ಲ.

ಹೊರಜಗತ್ತಿನ ಗಮನ ಬೇರೆಡೆ ಇತ್ತು. ಇರಾಕ್ ಕುವೈತನ್ನು ಆಕ್ರಮಿಸಿ ಐದು ತಿಂಗಳಾಗಿತ್ತು. ವಾಪಸಾಗಲು ವಿಶ್ವಸಂಸ್ಥೆ ಕೊಟ್ಟಿದ್ದ ಗಡುವು ಜನವರಿ 15. ಹತ್ತಿರದಲ್ಲಿದ್ದ ಪ್ರತಿಯೊಂದು ಅಮೆರಿಕನ್ ನೌಕೆ, ಪ್ರತಿಯೊಬ್ಬ ಯೋಧನಿಗೂ ಆ ಯುದ್ಧದಲ್ಲಿ ಕೆಲಸ ಗೊತ್ತುಮಾಡಿ ಆಗಿತ್ತು.

ಕೇಳುವುದು ಯಾವಾಗ

ಡಿಸೆಂಬರ್ 5ರಂದೇ ಅಮೆರಿಕದ ವಿದೇಶಾಂಗ ಇಲಾಖೆ ಸಿಬ್ಬಂದಿಯ ಕುಟುಂಬದವರಿಗೂ ತುರ್ತಲ್ಲದ ಕೆಲಸದವರಿಗೂ ದೇಶ ಬಿಡುವಂತೆ ಸಲಹೆ ಕೊಟ್ಟಿತ್ತು. ಆಗ ವಿಮಾನಗಳು ಹಾರುತ್ತಿದ್ದವು, ಟಿಕೆಟ್ ಸಿಗುತ್ತಿತ್ತು. ತಿಂಗಳ ಕೊನೆಗೆ ಕಚೇರಿಯಲ್ಲಿ ಉಳಿದವರು ಕೆಲವರೇ. ಮುಂದೆ ನಡೆದ ಎಲ್ಲ ಸಾಹಸಕ್ಕಿಂತ ಹೆಚ್ಚು ಜನರನ್ನು ಸುರಕ್ಷಿತಗೊಳಿಸಿದ ತೀರ್ಮಾನ ಪ್ರಾಯಶಃ ಇದು. ಯಾರೂ ಇದರ ಕಥೆ ಹೇಳುವುದಿಲ್ಲ, ಏಕೆಂದರೆ ವಿಮಾನ ನಿಲ್ದಾಣದ ಸರದಿಯಲ್ಲಿ ನಿಂತು ಹೋದವರ ಬಗ್ಗೆ ಹೇಳಲು ಏನೂ ಇರುವುದಿಲ್ಲ.

ಡಿಸೆಂಬರ್ 30ರ ನಂತರ ಪರಿಸ್ಥಿತಿ ಗಂಟೆಗಂಟೆಗೂ ಕೆಟ್ಟಿತು. ಜನವರಿ 1ರಂದು ರಾಯಭಾರಿ ತೆರವಿಗೆ ಅನುಮತಿ ಕೇಳಿದ, ಮರುದಿನ ಸಿಕ್ಕಿತು. ಆಗ ಎಲ್ಲರ ಮನಸ್ಸಿನಲ್ಲಿದ್ದದ್ದು ವಿಮಾನ: ಸ್ವಲ್ಪ ಹೊತ್ತು ಕದನವಿರಾಮ ಸಿಕ್ಕರೆ ಮೊಗಾದಿಶುವಿನ ವಿಮಾನ ನಿಲ್ದಾಣಕ್ಕೆ ಸಾರಿಗೆ ವಿಮಾನ ಇಳಿಸಿ ಎಲ್ಲರನ್ನೂ ಕರೆದೊಯ್ಯಬಹುದು ಎಂಬ ಲೆಕ್ಕ. ಬೇರೆ ದೇಶಗಳೂ ಇದೇ ದಾರಿಯನ್ನು ಹಿಡಿದಿದ್ದವು. ವಿರಾಮ ಸಿಗಲಿಲ್ಲ. ಸಿಕ್ಕಿದ್ದರೂ ಕಚೇರಿಯಿಂದ ನಿಲ್ದಾಣದವರೆಗಿನ ರಸ್ತೆಯನ್ನು ದಾಟಿಸುವ ಹೊಣೆ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಇಲ್ಲಿ ಎರಡನೆಯ ದಾರಿಯನ್ನು ಮೊದಲನೆಯದು ಕೈಕೊಡುವ ಮುಂಚೆಯೇ ತೆರೆದಿಟ್ಟಿದ್ದನ್ನು ಗಮನಿಸಬೇಕು. ಜನವರಿ 2ರ ರಾತ್ರಿಯೇ ಒಮಾನ್ ಕರಾವಳಿಯಿಂದ ಗ್ವಾಮ್ ಮತ್ತು ಟ್ರೆಂಟನ್ ಎಂಬ ಎರಡು ನೌಕೆಗಳು ಮೊಗಾದಿಶುವಿನತ್ತ ಹೊರಟವು. ಎಷ್ಟು ನೌಕೆ ಕಳುಹಿಸಬೇಕು ಎಂಬ ಬಗ್ಗೆ ಚರ್ಚೆ ನಡೆದಿತ್ತು. ಕುವೈತ್ ಯುದ್ಧ ಬಾಗಿಲಲ್ಲಿ ನಿಂತಿರುವಾಗ ಹೆಚ್ಚು ಕಳುಹಿಸಲು ಯಾರಿಗೂ ಮನಸ್ಸಿರಲಿಲ್ಲ. ಎರಡೇ ಸಾಕು ಎಂದಾಯಿತು. ವಿಮಾನದ ದಾರಿ ಫಲಿಸಿದ್ದರೆ ಈ ನೌಕೆಗಳು ಅರ್ಧ ದಾರಿಯಿಂದ ವಾಪಸ್ ತಿರುಗುತ್ತಿದ್ದವು, ಒಂದಿಷ್ಟು ಎಣ್ಣೆ ದಂಡವಾಗುತ್ತಿತ್ತು. ಅಷ್ಟೇ ನಷ್ಟ. ವಿಮಾನದ ಆಸೆ ಪೂರ್ತಿ ಬಾಡಿದ ಮೇಲೆ ಹೊರಟಿದ್ದರೆ ಆಗುತ್ತಿದ್ದ ನಷ್ಟವನ್ನು ಎಣ್ಣೆಯಲ್ಲಿ ಅಳೆಯಲು ಬರುತ್ತಿರಲಿಲ್ಲ.

ಕೇಳುವುದಕ್ಕೆ ಹಿಂಜರಿಕೆ ಯಾವ ಅಧಿಕಾರಿಗಾದರೂ ಸಹಜ. ಬೇಗ ಕೇಳಿದರೆ ಹೆದರುಪುಕ್ಕಲ ಎನಿಸಿಕೊಳ್ಳಬೇಕು, ತಡವಾಗಿ ಕೇಳಿದರೆ ಹೆಣ ಎಣಿಸಬೇಕು. ಮನ್ರೋವಿಯಾ ನೋಡಿ ಬಂದವನಿಗೆ ಮೊದಲನೆಯ ಅಪವಾದ ಸಣ್ಣದಾಗಿ ಕಂಡಿರಬೇಕು.

ನಕ್ಷೆಯಲ್ಲಿದ್ದ ಕಚೇರಿ, ನೆಲದಲ್ಲಿದ್ದ ಕಚೇರಿ

ನೌಕೆಗಳಲ್ಲಿ ಯೋಜನೆ ಸಿದ್ಧವಾಗುತ್ತಿದ್ದಾಗ ಕೈಯಲ್ಲಿದ್ದ ಮಾಹಿತಿ ಹಳೆಯದು. ಅದರ ಪ್ರಕಾರ ರಾಯಭಾರ ಕಚೇರಿ ಇದ್ದದ್ದು ಕಡಲಿಗೆ ಹತ್ತಿರದ ಹಳೆಯ ಜಾಗದಲ್ಲಿ. ದಡದ ಬಳಿ ಇಳಿದು ಜನರನ್ನು ಅಲ್ಲಿಂದಲೇ ಎತ್ತಿಕೊಳ್ಳುವ ಯೋಚನೆಗೆ ಬುಡವೇ ಆ ನಕ್ಷೆ. ಕಚೇರಿ ಒಳನಾಡಿನ ಹೊಸ ಆವರಣಕ್ಕೆ ಹೋಗಿದೆ ಎಂಬುದು ಗೊತ್ತಾದದ್ದು ಹಿಂದೆ ಮೊಗಾದಿಶುವಿನಲ್ಲಿ ಇದ್ದು ಬಂದ ಅಧಿಕಾರಿಯೊಬ್ಬ ಅದೃಷ್ಟವಶಾತ್ ಆ ಪಡೆಯಲ್ಲೇ ಇದ್ದುದರಿಂದ. ಆತ ‘ಇದು ಆ ಜಾಗವಲ್ಲ’ ಎಂದ. ಯೋಜನೆ ಬುಡಮೇಲಾಯಿತು, ಒಳ್ಳೆಯದಕ್ಕೆ.

ಇದನ್ನು ಬೇಹುಗಾರಿಕೆಯ ವೈಫಲ್ಯ ಎಂದು ಬೈದು ಮುಂದೆ ಹೋಗುವುದು ಸುಲಭ. ನನಗೆ ಅದು ಕಚೇರಿಗಳ ಸ್ವಭಾವದ ಪ್ರಶ್ನೆಯಾಗಿ ಕಾಣುತ್ತದೆ. ಹೊಸ ವಿಳಾಸ ವಿದೇಶಾಂಗ ಇಲಾಖೆಯ ಪ್ರತಿಯೊಂದು ಲಕೋಟೆಯ ಮೇಲೂ ಇದ್ದಿರಲೇಬೇಕು. ಆದರೆ ವಿಳಾಸ ಗೊತ್ತಿದ್ದವರಿಗೂ ಹೆಲಿಕಾಪ್ಟರ್ ಹಾರಿಸುವವರಿಗೂ ನಡುವೆ ಕಡತಗಳ ಸೇತುವೆ ಇರಲಿಲ್ಲ. ಆ ಹೊತ್ತಿಗೆ ಸೇತುವೆಯಾದದ್ದು ಒಬ್ಬ ಮನುಷ್ಯನ ನೆನಪು. ತೆರವಿನ ತಯಾರಿಯಲ್ಲಿ ಯಾರಾದರೂ ಇಂದು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ‘ನಮ್ಮಲ್ಲಿ ಈ ಊರಿನಲ್ಲಿ ಇದ್ದು ಬಂದವರು ಯಾರಿದ್ದಾರೆ?’ ಎಂದು ಕೇಳಲಿ. ಅದಕ್ಕೆ ಹಣ ಬೇಡ, ಒಂದು ಧ್ವನಿವರ್ಧಕ ಸಾಕು.

ಕಾಯಬೇಕೆ, ಹಾರಬೇಕೆ

ಜನವರಿ 4ರಂದು ಆವರಣಕ್ಕೆ ಗುಂಡುಗಳು ಬೀಳತೊಡಗಿದವು. ಒಳನುಗ್ಗಲು ಯತ್ನಗಳಾದವು. ನೌಕೆಗಳು ದಡ ಸೇರಿ, ಎಲ್ಲ ಹೆಲಿಕಾಪ್ಟರ್‌ಗಳನ್ನೂ ಒಟ್ಟಿಗೆ ಹಾರಿಸಿ, ಒಂದೇ ಸಲಕ್ಕೆ ಕೆಲಸ ಮುಗಿಸುವುದು ಪುಸ್ತಕದ ದಾರಿ. ಹೆಚ್ಚು ಯಂತ್ರ, ಕಡಿಮೆ ದೂರ, ಕೆಟ್ಟುನಿಂತರೆ ಬದಲಿ ವ್ಯವಸ್ಥೆ, ಎಲ್ಲವೂ ಆ ಪಕ್ಷದಲ್ಲಿದ್ದವು. ಅದಕ್ಕೆ ಇನ್ನೂ ಒಂದು ಹಗಲು ಬೇಕಾಗಿತ್ತು. ರಾಯಭಾರಿಯ ಬಳಿ ಆ ಒಂದು ಹಗಲು ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಜನವರಿ 5ರ ನಸುಕಿನ 3.45ಕ್ಕೆ ಟ್ರೆಂಟನ್ ನೌಕೆಯಿಂದ ಎರಡು ಸಿಎಚ್-53ಇ ಹೆಲಿಕಾಪ್ಟರ್‌ಗಳು ಎದ್ದವು. ಒಳಗೆ 60 ಜನ: 51 ಮರೀನ್ ಯೋಧರು, ನೌಕಾಪಡೆಯ 9 ಸೀಲ್ ಕಮಾಂಡೊಗಳು. ಒಮ್ಮೆ ತುಂಬಿದ ಇಂಧನದಲ್ಲಿ ಹೋಗಿ ಬರಲಾಗದ ದೂರ. ಹೀಗಾಗಿ ಕೆಸಿ-130 ಟ್ಯಾಂಕರ್ ವಿಮಾನಗಳು ಕತ್ತಲ ಆಕಾಶದಲ್ಲಿ ಇವುಗಳ ಜೊತೆಗೂಡಬೇಕಾಗಿತ್ತು. ವಿಮಾನದ ರೆಕ್ಕೆಯಿಂದ ಇಳಿಬಿಟ್ಟ ಕೊಳವೆಯ ಬುಟ್ಟಿಯೊಳಕ್ಕೆ ಹೆಲಿಕಾಪ್ಟರ್ ತನ್ನ ಮೂತಿಯ ಮುಂದೆ ಚಾಚಿದ ನಳಿಕೆಯನ್ನು ತೂರಿಸಬೇಕು, ಕೆಳಗೆ ಕಪ್ಪು ಕಡಲು, ಎರಡೂ ಯಂತ್ರಗಳು ಚಲನೆಯಲ್ಲಿ. ಹೋಗುವಾಗ ಇದು ಎರಡು ಬಾರಿ ನಡೆಯಿತು. ಒಮ್ಮೆ ಹೆಲಿಕಾಪ್ಟರಿನೊಳಗಿನ ಇಂಧನದ ಕೊಳವೆ ಸೋರಿ ಯೋಧರ ಮೈಮೇಲೆ ಎಣ್ಣೆ ಚಿಮ್ಮಿತು. ಸಿಬ್ಬಂದಿ ಹಾರುತ್ತಲೇ ಅದನ್ನು ಸರಿಪಡಿಸಿ ಮುಂದುವರಿದರು. ಎರಡರಲ್ಲಿ ಒಂದು ಅಲ್ಲಿಂದಲೇ ಹಿಂತಿರುಗಿದ್ದರೆ? ಮೂರನೆಯದು ಇರಲಿಲ್ಲ.

ಬೆಳಕು ಹರಿಯುವಾಗ ನಗರ ತಲುಪಿದವರಿಗೆ ಮೊದಲ ಸುತ್ತಿನಲ್ಲಿ ಕಚೇರಿ ಸಿಗಲಿಲ್ಲ. ಹಳೆಯ ನಕ್ಷೆಯ ಸಾಲ ಇಲ್ಲಿಯೂ ತೀರಿರಲಿಲ್ಲ. ತಿರುಗಿ ಕಡಲಿನತ್ತ ಹೋಗಿ, ಛಾವಣಿಗಳನ್ನು ಸವರುವಷ್ಟು ಕೆಳಗೆ ಮತ್ತೆ ಬಂದು ಹುಡುಕಿ, ಏಳು ಗಂಟೆ ದಾಟಿದ ಮೇಲೆ ಇಳಿದರು. ಆ ಹೊತ್ತಿಗೆ ಆವರಣದ ಗೋಡೆಯ ಬಳಿ ನೂರಕ್ಕೂ ಹೆಚ್ಚು ಶಸ್ತ್ರಧಾರಿಗಳು ಏಣಿಗಳ ಸಮೇತ ನೆರೆದಿದ್ದರು. ಹೆಲಿಕಾಪ್ಟರಿನ ಅಬ್ಬರಕ್ಕೆ ಅವರು ಚದುರಿದರು.

ಒಂದು ಹಗಲು ಇತ್ತೇ ಎಂಬ ಪ್ರಶ್ನೆಗೆ ಆ ಏಣಿಗಳೇ ಉತ್ತರ. ಆದರೆ ಹಿಂದಿನ ರಾತ್ರಿ ತೀರ್ಮಾನಿಸಿದವರಿಗೆ ಏಣಿಗಳು ಕಂಡಿರಲಿಲ್ಲ ಎಂಬುದನ್ನು ಮರೆಯಬಾರದು. ಫಲ ಒಳ್ಳೆಯದಾಯಿತೆಂದು ತೀರ್ಮಾನವನ್ನು ಹೊಗಳುವುದು ಅಧ್ಯಯನವಲ್ಲ. ನಾನು ಆ ತೀರ್ಮಾನವನ್ನು ಸಮರ್ಥಿಸುವುದು ಬೇರೆ ಕಾರಣಕ್ಕೆ. ಆ ಎರಡು ಹೆಲಿಕಾಪ್ಟರ್‌ಗಳನ್ನು ಕಳುಹಿಸಿದ್ದು ಜನರನ್ನು ಹೊತ್ತು ತರಲಿಕ್ಕಿಂತ ಹೆಚ್ಚಾಗಿ 60 ಜನರನ್ನು ಒಳಗೆ ಬಿಡಲಿಕ್ಕೆ. ವಾಪಸ್ ಬರುವಾಗ ಒಂದು ಹೆಲಿಕಾಪ್ಟರ್ ಖಾಲಿ ಬಂದಿದ್ದರೂ ಉದ್ದೇಶ ಈಡೇರುತ್ತಿತ್ತು. ಗುರಿಯನ್ನು ಹೀಗೆ ಕಿರಿದು ಮಾಡಿಕೊಂಡದ್ದರಿಂದ ಎರಡೇ ಯಂತ್ರಗಳ ಮೇಲೆ ಪಣ ಒಡ್ಡುವುದು ದುಡುಕು ಎನಿಸದೆ, ತೂಗಿ ನೋಡಿದ ಅಪಾಯ ಎನಿಸುತ್ತದೆ.

ಖಾಲಿ ಬರಲಿಲ್ಲ, ಆ ಮಾತು ಬೇರೆ. ಸುಮಾರು ಒಂದು ಗಂಟೆ ನೆಲದಲ್ಲಿ ಕಾದು 61 ಜನರನ್ನು ಹತ್ತಿಸಿಕೊಂಡು ಹೊರಟು, ದಾರಿಯಲ್ಲಿ ಮತ್ತೆ ಇಂಧನ ತುಂಬಿಸಿಕೊಂಡು, 10.40ಕ್ಕೆ ಟ್ರೆಂಟನ್ ಸೇರಿದವು. ನೌಕೆಗಳು ಅಷ್ಟು ಹೊತ್ತೂ ದಡದ ಕಡೆಗೆ ಸಾಗುತ್ತಲೇ ಇದ್ದವು.

ಗುಂಡು ಹಾರಿಸದೆ ಕಳೆದ ಹಗಲು

ಉಳಿದವರನ್ನು ರಾತ್ರಿ ಕತ್ತಲಲ್ಲಿ ಸಾಗಿಸುವುದೆಂದಾಯಿತು. ಅಂದರೆ ಹಗಲು ಪೂರ್ತಿ ತಳ್ಳಬೇಕು. ಈ ಹಗಲೇ ಪ್ರಕರಣದ ತಿರುಳು.

ಆವರಣದ ನೀರಿನ ಗೋಪುರದ ಮೇಲೆ ಮರೀನ್ ಯೋಧರು ಕಾವಲು ಠಾಣೆ ಹೂಡಿದ್ದರು. ಎತ್ತರದ ಜಾಗ, ಸುತ್ತಲಿನ ಬೀದಿಗಳೆಲ್ಲ ಕಾಣುತ್ತವೆ. ಸೈನಿಕ ತರ್ಕದ ಪ್ರಕಾರ ಬಿಟ್ಟುಕೊಡಬಾರದ ಠಾಣೆ. ಅದರ ಮೇಲೆ ಹೊರಗಿನಿಂದ ಗುಂಡುಗಳು ಬಂದವು. ಯೋಧರಿಗೆ ಆತ್ಮರಕ್ಷಣೆಯ ಹಕ್ಕಿತ್ತು, ಗುರಿ ಕಾಣುತ್ತಿತ್ತು, ಕೈಯಲ್ಲಿ ಬಂದೂಕಿತ್ತು. ರಾಯಭಾರಿ ಹಾರಿಸಿ ಎನ್ನಲಿಲ್ಲ, ಇಳಿದು ಬನ್ನಿ ಎಂದ.

ಇದನ್ನು ಓದಿದ ಸೈನಿಕ ಮನಸ್ಸಿನವರಿಗೆ ಮೈ ಉರಿಯುವುದು ಸಹಜ. ಕಣ್ಣನ್ನು ತಾನೇ ಕಟ್ಟಿಕೊಂಡಂತೆ. ಆದರೆ ರಾಯಭಾರಿಯ ಲೆಕ್ಕ ಬೇರೆ. ಆ ಹೊತ್ತಿನವರೆಗೆ ಊರಿನ ಯಾವ ಬಣಕ್ಕೂ ಅಮೆರಿಕನ್ನರು ಶತ್ರುಗಳಾಗಿರಲಿಲ್ಲ. ಆವರಣದ ಮೇಲೆ ಬೀಳುತ್ತಿದ್ದ ಗುಂಡುಗಳಲ್ಲಿ ಬೇಕೆಂದೇ ಹಾರಿಸಿದ್ದು ಎಷ್ಟು, ಬೀದಿ ಕಾಳಗದಿಂದ ಹಾದಿ ತಪ್ಪಿ ಬಂದದ್ದು ಎಷ್ಟು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ಒಂದು ಸಲ ಒಳಗಿನಿಂದ ಗುಂಡು ಹಾರಿ ಹೊರಗೊಬ್ಬ ಸತ್ತರೆ ಅವನ ಬಣಕ್ಕೆ, ಅವನ ಕುಲಕ್ಕೆ ಒಂದು ಲೆಕ್ಕ ಚುಕ್ತಾ ಮಾಡುವುದು ಉಳಿಯುತ್ತಿತ್ತು. 80 ಎಕರೆಯ ಗೋಡೆಯನ್ನು 60 ಜನ ಆ ಬಗೆಯ ಹಗೆಯ ಎದುರು ಹಿಡಿದು ನಿಲ್ಲುವುದು ಆಗದ ಮಾತು. ಗೋಪುರದ ಮೇಲಿಂದ ದೂರದವರೆಗೆ ನೋಡುವ ಅನುಕೂಲಕ್ಕಿಂತ ರಾತ್ರಿಯವರೆಗೆ ಯಾರ ದ್ವೇಷವನ್ನೂ ಕಟ್ಟಿಕೊಳ್ಳದಿರುವುದು ದೊಡ್ಡದು ಎಂದು ಆತ ಬಗೆದ. ಮೇಲೆ ಎಸಿ-130 ಗನ್‌ಶಿಪ್ ವಿಮಾನದ ಬೆಂಬಲವಿತ್ತು. ಅದೂ ಗುಂಡು ಹಾರಿಸಲಿಲ್ಲ.

ಇನ್ನೊಂದು ಕಡೆ, ಆವರಣದಿಂದ ಕೆಲವೇ ಬೀದಿಗಳ ಆಚೆ ಅಮೆರಿಕದ್ದೇ ಆದ ಸೇನಾ ಸಹಕಾರ ಕಚೇರಿಯಲ್ಲಿ ಸಿಲುಕಿದ್ದವರನ್ನು ಕರೆತರಲು ವಾಹನಗಳಲ್ಲಿ ಯೋಧರು ಹೋಗಿಬಂದರು. ಅದೂ ಸದ್ದಿಲ್ಲದೆ ಮುಗಿಯಿತು. ನಗರದ ಬೇರೆ ಮೂಲೆಗಳಲ್ಲಿದ್ದ ರಾಯಭಾರ ಕಚೇರಿಗಳವರಿಗೆ ‘ಗೇಟಿನವರೆಗೆ ಬಂದರೆ ಕರೆದೊಯ್ಯುತ್ತೇವೆ’ ಎಂಬ ಮಾತು ಹೋಯಿತು. ಎಲ್ಲರನ್ನೂ ಹುಡುಕಿಕೊಂಡು ಹೋಗುವಷ್ಟು ಬಲ ಇರಲಿಲ್ಲ, ಹೋಗುವುದೂ ವಿವೇಕವಾಗಿರಲಿಲ್ಲ. ಜನ ತಮ್ಮ ತಮ್ಮ ದಾರಿ ನೋಡಿಕೊಂಡು ಬಂದರು, ಕೆಲವರು ಸ್ಥಳೀಯ ಪೊಲೀಸರ ನೆರವು ಪಡೆದು. ಹೀಗೆ ಬಂದವರಲ್ಲಿ ಸೋವಿಯತ್ ರಾಯಭಾರಿಯೂ ಆ ದೇಶದ ಸಿಬ್ಬಂದಿಯೂ ಇದ್ದರು. ಶೀತಲ ಸಮರ ಮುಗಿಯುತ್ತಿದೆ ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದ ಕಾಲ ಅದು. ಇಲ್ಲಿ ಅದಕ್ಕೆ ಸಹಿ ಬಿದ್ದದ್ದು ಅಮೆರಿಕದ ಹೆಲಿಕಾಪ್ಟರಿನ ಪ್ರಯಾಣಿಕರ ಪಟ್ಟಿಯಲ್ಲಿ.

ಗೇಟಿನ ಬಳಿಯ ಮೇಜರ್

ನಡುರಾತ್ರಿಗೆ ಗ್ವಾಮ್ ನೌಕೆಯಿಂದ ಸಿಎಚ್-46 ಹೆಲಿಕಾಪ್ಟರ್‌ಗಳು ಐದೈದರಂತೆ ನಾಲ್ಕು ಸುತ್ತಿನಲ್ಲಿ ಬರುವುದೆಂದು ಗೊತ್ತಾಗಿತ್ತು. ಚಾಲಕರು ರಾತ್ರಿದೃಷ್ಟಿ ಕನ್ನಡಕ ತೊಟ್ಟಿದ್ದರು. ಮೊದಲ ಮೂರು ಸುತ್ತು ನಾಗರಿಕರಿಗೆ, ಕೊನೆಯದು ಕಾವಲು ನಿಂತ ಯೋಧರಿಗೂ ರಾಯಭಾರಿಗೂ.

ಮೊದಲ ಸುತ್ತು ಎದ್ದ ಮೇಲೆ ಸೊಮಾಲಿ ಸೇನೆಯ ಮೇಜರ್ ಒಬ್ಬ ಸೈನಿಕರೊಂದಿಗೆ ಗೇಟಿಗೆ ಬಂದ. ಒಂದು ಕೈಯಲ್ಲಿ ಗ್ರೆನೇಡ್, ಇನ್ನೊಂದರಲ್ಲಿ ರೇಡಿಯೊ. ಈ ಹಾರಾಟಕ್ಕೆ ಸರ್ಕಾರದ ಅನುಮತಿ ಇಲ್ಲ, ನಿಲ್ಲಿಸದಿದ್ದರೆ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸುತ್ತೇವೆ ಎಂದ.

ಎದುರಿಗಿದ್ದ ಆಯ್ಕೆಗಳನ್ನು ಎಣಿಸಿ ನೋಡೋಣ. ಅವನನ್ನು ಹೊಡೆದು ಕೆಡವಬಹುದಿತ್ತು, ಒಳಗೆ ಅದಕ್ಕೆ ಬೇಕಾದವರಿದ್ದರು. ರೇಡಿಯೊದ ಆ ತುದಿಯಲ್ಲಿ ಯಾರಿದ್ದಾರೆ, ಅವರ ಬಳಿ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಾರಾಟ ನಿಲ್ಲಿಸಿ ವಾಷಿಂಗ್ಟನ್‌ನಿಂದ ಸೊಮಾಲಿ ಸರ್ಕಾರಕ್ಕೆ ಮಾತು ಹೋಗಲಿ ಎಂದು ಕಾಯಬಹುದಿತ್ತು, ಆದರೆ ಮಾತು ತಲುಪಬೇಕಾದ ಸರ್ಕಾರವೇ ಎಲ್ಲಿದೆ ಎಂದು ಹೇಳುವಂತಿರಲಿಲ್ಲ. ಅವನ ಮಾತನ್ನು ಬರಿಯ ಬೆದರಿಕೆ ಎಂದು ಬಗೆದು ಹೆಲಿಕಾಪ್ಟರ್‌ಗಳನ್ನು ಕರೆಸಿಕೊಳ್ಳಬಹುದಿತ್ತು. ಪ್ರತಿಯೊಂದು ಸುತ್ತಿನಲ್ಲಿಯೂ ನೂರರ ಆಸುಪಾಸಿನ ಜೀವಗಳು ಆ ಊಹೆಯ ಮೇಲೆ ನಿಲ್ಲುತ್ತಿದ್ದವು.

ರಾಯಭಾರಿ ಅವನೊಂದಿಗೆ ಮಾತಿಗೆ ಕುಳಿತ. ಮಾತು ನಡೆಯುತ್ತಿರುವಾಗಲೇ ಹೆಲಿಕಾಪ್ಟರ್‌ಗಳು ಬಂದು ಹೋಗುತ್ತಲೂ ಇದ್ದವು. ಕೊನೆಗೆ ಮೇಜರ್‌ನ ಕೈಗೆ ಕೆಲವು ಸಾವಿರ ಡಾಲರ್ ನಗದು ಮತ್ತು ರಾಯಭಾರಿಯ ಗುಂಡುನಿರೋಧಕ ಕಾರಿನ ಕೀಲಿ ಸೇರಿದವು. ಅಷ್ಟಕ್ಕೇ ಮುಗಿಸಲಿಲ್ಲ. ಕೊನೆಯ ಸುತ್ತು ಹೊರಡುವವರೆಗೂ ಅವನನ್ನು ರಾಯಭಾರಿ ತನ್ನ ಪಕ್ಕದಿಂದ ಕದಲಗೊಡಲಿಲ್ಲ. ಲಂಚ ಕೊಟ್ಟ ಮೇಲೆ ತೆಗೆದುಕೊಂಡವನನ್ನು ಹೊರಗೆ ಬಿಟ್ಟರೆ ಅವನು ಮನಸ್ಸು ಬದಲಿಸಬಹುದು, ಅಥವಾ ಅವನ ಹಿಂದಿನವರು ತಮ್ಮ ಪಾಲು ಕೇಳಲು ಬರಬಹುದು. ಹಣಕ್ಕಿಂತ ಈ ಪಕ್ಕದಲ್ಲಿ ಕೂರಿಸಿಕೊಂಡದ್ದು ಹೆಚ್ಚು ಜಾಣತನದ ಕೆಲಸ ಎಂದು ನನ್ನ ಎಣಿಕೆ.

ಲೆಕ್ಕಪರಿಶೋಧಕರ ಕಣ್ಣಿಗೆ ಇದು ರಸೀದಿ ಇಲ್ಲದ ಖರ್ಚು, ಸರ್ಕಾರಿ ವಾಹನದ ಅಕ್ರಮ ವಿಲೇವಾರಿ. ಮುತ್ತಿಗೆಯಲ್ಲಿರುವ ಕಚೇರಿಯಲ್ಲಿ ನಗದು ಎಷ್ಟಿರಬೇಕು, ಅದನ್ನು ಯಾರು ಯಾರನ್ನೂ ಕೇಳದೆ ಖರ್ಚು ಮಾಡಬಹುದು ಎಂಬ ಪ್ರಶ್ನೆ ತಯಾರಿಯ ಸಭೆಗಳಲ್ಲಿ ಮುಜುಗರ ತರುತ್ತದೆ. ಹೆಲಿಕಾಪ್ಟರಿನ ಇಂಧನದ ಲೆಕ್ಕವನ್ನು ಲೀಟರುಗಳಲ್ಲಿ ಹಾಕುವವರು ಈ ಲೆಕ್ಕವನ್ನು ತೇಲಿಸಿಬಿಡುತ್ತಾರೆ.

ಜನವರಿ 6ರ ನಸುಕಿನ ನಾಲ್ಕು ಗಂಟೆಯ ಒಳಗೆ ಕೊನೆಯ ಹೆಲಿಕಾಪ್ಟರ್ ನೌಕೆ ಸೇರಿತ್ತು.

ಏನಾಯಿತು

ಹೊರಬಂದವರು ಒಟ್ಟು 281 ಜನ, 30 ದೇಶಗಳವರು. ಅವರಲ್ಲಿ 8 ಮಂದಿ ರಾಯಭಾರಿಗಳು, 39 ಮಂದಿ ಸೋವಿಯತ್ ಪ್ರಜೆಗಳು. ಆವರಣದ ಒಳಗಾಗಲೀ ದಾರಿಯಲ್ಲಾಗಲೀ ಯಾರೂ ಸಾಯಲಿಲ್ಲ. ನೌಕೆ ಮಸ್ಕತ್ ತಲುಪುವ ಮೊದಲು ಗ್ವಾಮ್ ಮೇಲೆ ಒಂದು ಮಗು ಹುಟ್ಟಿತು. ನೌಕೆ ಮಸ್ಕತ್ ತಲುಪಿದ ಒಂದು ವಾರದೊಳಗೆ ಕುವೈತ್ ಯುದ್ಧ ಆರಂಭವಾಯಿತು, ಸುದ್ದಿ ಅದರಲ್ಲಿ ಮುಳುಗಿಹೋಯಿತು. ಈ ಪ್ರಕರಣದ ಬಗ್ಗೆ ಹೊರಗಿನವರಿಗೆ ಕಡಿಮೆ ತಿಳಿದಿರುವುದಕ್ಕೆ ಮುಖ್ಯ ಕಾರಣ ಅದು.

ಕೊನೆಯ ಹೆಲಿಕಾಪ್ಟರ್‌ಗಳು ಏಳುತ್ತಿರುವಾಗಲೇ ಲೂಟಿಕೋರರು ಆವರಣಕ್ಕೆ ನುಗ್ಗುತ್ತಿದ್ದರು. ಮುಖ್ಯ ಕಟ್ಟಡದ ಬಾಗಿಲುಗಳನ್ನು ರಾಕೆಟ್ ಚಾಲಿತ ಗ್ರೆನೇಡುಗಳಿಂದ ಒಡೆದರು. ಜನವರಿ 26ರಂದು ಸಿಯಾದ್ ಬರ್ರೆ ರಾಜಧಾನಿ ಬಿಟ್ಟು ಓಡಿದ. 1992ರ ಡಿಸೆಂಬರಿನಲ್ಲಿ ಬರಗಾಲದ ನೆರವಿನ ಕಾವಲಿಗೆಂದು ಮರಳಿ ಬಂದ ಅಮೆರಿಕದ ಪಡೆಗಳು ಹಾಳುಬಿದ್ದ ಇದೇ ಆವರಣದಲ್ಲಿ ತಮ್ಮ ಪ್ರಧಾನ ಠಾಣೆ ಹೂಡಿದವು.

ಪ್ರಕರಣ ಏನು ಕಲಿಸುತ್ತದೆ

ಹಾರಾಟದ ತಂತ್ರದ ಪಾಠಗಳು ಸೇನೆಗೆ ಬಿಟ್ಟದ್ದು. ಉಳಿದವರಿಗೆ ಇಲ್ಲಿರುವುದು ಸಮಯದ ಪಾಠ, ಅದರಲ್ಲಿಯೂ ಸಮಯವನ್ನು ಯಾರು ಹೇಗೆ ಸಂಪಾದಿಸುತ್ತಾರೆ ಎಂಬುದು. ಜನವರಿ 1ರ ಕೋರಿಕೆ ನೌಕೆಗಳಿಗೆ ದಿನಗಳನ್ನು ಕೊಟ್ಟಿತು. ನಸುಕಿನ ಎರಡು ಹೆಲಿಕಾಪ್ಟರ್‌ಗಳು ಆವರಣಕ್ಕೆ ಒಂದು ಹಗಲನ್ನು ಕೊಟ್ಟವು. ಗೋಪುರದಿಂದ ಇಳಿದ ಯೋಧರು ಆ ಹಗಲನ್ನು ಕೆಡದಂತೆ ಕಾಪಾಡಿದರು. ಗೇಟಿನ ಮಾತುಕತೆ ಕೊನೆಯ ಕೆಲವು ಗಂಟೆಗಳನ್ನು ಕೊಂಡುಕೊಂಡಿತು. ಇವುಗಳಲ್ಲಿ ಯಾವ ಕೊಂಡಿ ಕಳಚಿದ್ದರೂ ಆಕಾಶದಲ್ಲಿ ಇಂಧನ ತುಂಬಿದ ಜಾಣ್ಮೆಯಿಂದ ಅದನ್ನು ಬೆಸೆಯಲು ಆಗುತ್ತಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಏಳಬಹುದು. ಗುಂಡು ಹಾರಿಸದಿದ್ದುದು ಫಲಿಸಿದ್ದು ಎದುರಿಗೆ ಸಂಘಟಿತ ಶತ್ರು ಇಲ್ಲದ್ದರಿಂದ, ಆವರಣವನ್ನು ವಶಪಡಿಸಿಕೊಳ್ಳಲೇಬೇಕೆಂದು ಯಾವ ಬಣವೂ ಹಟ ಹಿಡಿಯದ್ದರಿಂದ. ನಿಜ. ಗೋಪುರ ಬಿಟ್ಟುಕೊಡುವ ತೀರ್ಮಾನವನ್ನು ಎತ್ತಿ ಬೇರೆ ಊರಿನಲ್ಲಿ ನೆಟ್ಟರೆ ಅದು ಬೇರು ಬಿಡದಿರಬಹುದು. ಅಲ್ಲಿಯೂ ಮೊದಲು ಕೇಳಬೇಕಾದದ್ದು ಆ ರಾಯಭಾರಿ ಕೇಳಿಕೊಂಡ ಪ್ರಶ್ನೆಯನ್ನೇ: ಗೋಡೆಯ ಆಚೆ ಇರುವವರು ನಮ್ಮನ್ನು ಈಗ ಏನೆಂದು ಎಣಿಸಿದ್ದಾರೆ, ನಮ್ಮ ಒಂದು ಗುಂಡು ಆ ಎಣಿಕೆಯನ್ನು ಬದಲಿಸುತ್ತದೆಯೇ?

281ರ ಲೆಕ್ಕದ ಆಚೆಗೂ ಜನರಿದ್ದರು. ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಸೊಮಾಲಿ ನೌಕರರನ್ನು ಕರೆದೊಯ್ಯಲಿಲ್ಲ. ಅವರ ಮನೆಮಂದಿ ನಗರದಲ್ಲಿ ಚದುರಿಹೋಗಿದ್ದರು, ಅವರನ್ನೆಲ್ಲ ಬೀದಿ ದಾಟಿಸಿ ಆವರಣಕ್ಕೆ ತರುವುದು ಆಗದ ಕೆಲಸ, ಮನೆಯವರನ್ನು ಬಿಟ್ಟು ಒಬ್ಬರೇ ಹೊರಡುವುದು ಯಾರಿಗೂ ಒಪ್ಪದ ಕೆಲಸ. ಬ್ಯಾಂಕುಗಳು ಮುಚ್ಚಿದ್ದರಿಂದ ಸಂಬಳ ಕೊಡಲೂ ಆಗಲಿಲ್ಲ. ಆಹಾರ ಮತ್ತು ಸಾಮಗ್ರಿಗಳ ಉಗ್ರಾಣದ ಕೀಲಿಯನ್ನು ಅವರಿಗೆ ಒಪ್ಪಿಸಿ ಬೇಕಾದ್ದನ್ನು ತೆಗೆದುಕೊಳ್ಳಲು ಹೇಳಿದರು. ಜನವರಿ 5ರಂದು ರಾಯಭಾರಿಗೆ ಇದಕ್ಕಿಂತ ಹೆಚ್ಚು ಮಾಡಲು ಏನು ಸಾಧ್ಯವಿತ್ತು ಎಂದು ಎಷ್ಟು ಯೋಚಿಸಿದರೂ ನನಗೆ ಉತ್ತರ ಹೊಳೆಯುವುದಿಲ್ಲ. ಆ ಪ್ರಶ್ನೆಗೆ ಉತ್ತರವಿದ್ದದ್ದು ತಿಂಗಳ ಹಿಂದೆ, ರಸ್ತೆಗಳು ತೆರೆದಿದ್ದಾಗ, ವಿಮಾನಗಳು ಹಾರುತ್ತಿದ್ದಾಗ. ಡಿಸೆಂಬರ್ 5ರ ಸಲಹೆಯಲ್ಲಿ ಯಾರು ಯಾರು ಹೊರಡಬೇಕು ಎಂದು ಬರೆದಿದ್ದ ಸಾಲಿನಲ್ಲಿ ಆ ನೌಕರರು ಇರಲಿಲ್ಲ. ತೆರವಿನ ಯೋಜನೆಯನ್ನು ಪರಿಶೀಲಿಸಲು ಕುಳಿತವರು ಹೆಲಿಕಾಪ್ಟರುಗಳ ಪುಟಕ್ಕೆ ಹೋಗುವ ಮೊದಲು ಓದಬೇಕಾದದ್ದು ಆ ಸಾಲನ್ನು.